ಕಿಟಕಿ ಮಂದಿ, ಬಾತುಕೋಳಿ ಮಂದಿ

ನನ್ನ ಅಣ್ಣ ನನ್ನ ಜೊತೆ ಮಾತು ಬಿಟ್ಟದ್ದು ಕಂಪ್ಯೂಟರಿನ ಸಲುವಾಗಿ. ಹೊಲದ ಬದುವಿಗಾಗಿ, ಹಿತ್ತಲ ಗೋಡೆಗಾಗಿ ಮಾತು ಬಿಟ್ಟವರು ನಮ್ಮ ಕಡೆ ಬೇಕಾದಷ್ಟು ಜನ ಇದ್ದಾರೆ. ಅಂಥ ಜಗಳವನ್ನು ಯಾರ ಮುಂದಾದರೂ ಹೇಳಿಕೊಳ್ಳಬಹುದು, ಕೇಳಿದವರು ಅಯ್ಯೋ ಎಂದಾದರೂ ಅನ್ನುತ್ತಾರೆ. ನಮ್ಮ ಜಗಳದ ಮೂಲ ಹೇಳಿದರೆ ಜನ ನಗುತ್ತಾರೆ. ನಗಲಿ. ನನಗೆ ಇವತ್ತಿಗೂ ನಗು ಬರುವುದಿಲ್ಲ.

ನಮ್ಮದು ಮೂಲ ಗಲಗಲಿ. ಕುರಿ ಸಾಕುವ, ಹೊಲ ಮಾಡುವ ಮನೆತನ, ಬೀರಪ್ಪನ ಒಕ್ಕಲು. ಅಪ್ಪನಿಗೆ ನೀರಾವರಿ ಇಲಾಖೆಯಲ್ಲಿ ಕೆಲಸ ಸಿಕ್ಕ ಮೇಲೆ ನಾವು ಜಮಖಂಡಿಗೆ ಬಂದೆವು. ಮುಂದೆ ಅವನನ್ನು ಹಿಪ್ಪರಗಿ ಬ್ಯಾರೇಜಿಗೆ ಹಾಕಿದರು, ಗೇಟು ಏರಿಸುವ ಇಳಿಸುವ ಕೆಲಸಕ್ಕೆ. ಕೆಳಗಿನ ಆಣೆಕಟ್ಟಿನ ಹಿನ್ನೀರು ಹೊಳೆದಂಡೆಯ ನಮ್ಮ ತುಂಡು ಹೊಲವನ್ನು ನುಂಗಿದಾಗ ಅಪ್ಪ ನೀರು ಬಿಡುವ ಕೆಲಸದಲ್ಲೇ ಇದ್ದನೆಂದು ಊರಿನವರು ಚೇಷ್ಟೆ ಮಾಡುತ್ತಿದ್ದರು. ಹೊಲ ಹೋದ ಮೇಲೆ ಅಪ್ಪನಿಗೆ ಇದ್ದದ್ದು ಒಂದೇ ಹಟ, ಇಬ್ಬರು ಮಕ್ಕಳೂ ಕುರ್ಚಿಯ ಮೇಲೆ ಕೂತು ಮಾಡುವ ಕೆಲಸ ಕಲಿಯಬೇಕು.

ಹಾಗಾಗಿ ಅಣ್ಣ ಮತ್ತು ನಾನು, ಬಸ್ ನಿಲ್ದಾಣದಿಂದ ಸ್ವಲ್ಪ ದೂರದಲ್ಲಿ ಬಟ್ಟೆ ಅಂಗಡಿಯೊಂದರ ಮೇಲಿದ್ದ ಕಂಪ್ಯೂಟರ್ ಸೆಂಟರಿಗೆ ಸೇರಿದೆವು. ಗುಡಿಗೆ ಹೋದ ಹಾಗೆ ಚಪ್ಪಲಿ ಹೊರಗೆ ಬಿಟ್ಟು ಒಳಗೆ ಹೋಗಬೇಕಿತ್ತು. ಸೆಂಟರಿನ ಮಾಲೀಕರನ್ನು ಎಲ್ಲರೂ ಸರ್ ಎನ್ನುತ್ತಿದ್ದರು. ಹಿಂದೆ ಟೈಪಿಂಗ್ ಕಲಿಸುತ್ತಿದ್ದವರು, ಕಾಲ ಬದಲಾದಾಗ ಟೈಪ್‌ರೈಟರ್ ಮಾರಿ ಕಂಪ್ಯೂಟರ್ ತಂದವರು. ದಿನಾ ಬೆಳಿಗ್ಗೆ ಪ್ರತಿ ಮಾನಿಟರಿನ ಹಣೆಗೆ ಕುಂಕುಮ ಹಚ್ಚುತ್ತಿದ್ದರು. ಅವರಿಗೆ ಕಂಪ್ಯೂಟರ್ ಎಂದರೆ ವಿಂಡೋಸ್, ವಿಂಡೋಸ್ ಎಂದರೆ ಕಂಪ್ಯೂಟರ್. ಬೇರೆಯದೊಂದು ಇರಬಹುದು ಎಂದು ಅವರಿಗೆ ಹೊಳೆದೇ ಇರಲಿಲ್ಲ. ನಮಗೂ ಇಲ್ಲ.

ಅಣ್ಣನ ಕೈ ಚುರುಕು. ಒಂದು ವರ್ಷದೊಳಗೆ ಅವನು ಸರ್ ಅವರ ಬಲಗೈ ಆದ. ಕೆಟ್ಟ ಮಷಿನ್ ಬಿಚ್ಚಿ ಜೋಡಿಸುವುದು ಅವನೇ, ಬ್ಯಾಂಕಿನವರು ಕರೆದರೆ ಹೋಗುವುದೂ ಅವನೇ. ನನ್ನ ಬಿ.ಕಾಂ. ಮುಗಿದ ಮೇಲೆ ಸರ್ ನನಗೂ ಅಲ್ಲೇ ಕಲಿಸುವ ಕೆಲಸ ಕೊಟ್ಟರು. ಒಂದೇ ಸೈಕಲ್ ಮೋಟರಿನ ಮೇಲೆ ಅಣ್ಣತಂಗಿ ಕೂತು ಕೆಲಸಕ್ಕೆ ಹೋಗುತ್ತಿದ್ದೆವು. ಅವ್ವ ಕಟ್ಟಿಕೊಟ್ಟ ರೊಟ್ಟಿಯ ಗಂಟು ಒಂದೇ.

ಎರಡು ಸಾವಿರದ ಮೂರೋ ನಾಲ್ಕೋ ಇರಬೇಕು. ಬಾಗಲಕೋಟೆಯ ಇಂಜಿನಿಯರಿಂಗ್ ಕಾಲೇಜೊಂದರಲ್ಲಿ ಯಾವುದೋ ಶಿಬಿರವಿದೆ ಎಂದು ಅಣ್ಣ ಹೋದ. ತಿರುಗಿ ಬಂದಾಗ ಅವನ ಅಂಗಿಯ ಕಿಸೆಯಲ್ಲಿ ಒಂದು ಸಿ.ಡಿ. ಇತ್ತು, ಮಾತಿನಲ್ಲಿ ಹೊಸ ಜ್ವರ ಇತ್ತು. ವಿಂಡೋಸಿನ ಬದಲು ಹಾಕಬಹುದಾದ ಲಿನಕ್ಸ್ ಎಂಬುದರ ಹೆಸರನ್ನು ನಾನು ಮೊದಲು ಕೇಳಿದ್ದು ಆವತ್ತು. ಮರುದಿನ ಸರ್ ಬರುವುದರೊಳಗೆ ಅವನು ಮೂಲೆಯ ಮಷಿನ್ನಿನಲ್ಲಿ ಅದನ್ನು ಹಾಕಿಬಿಟ್ಟಿದ್ದ. ಪರದೆಯ ಮೇಲೆ ಬಿಳಿ ಹೊಟ್ಟೆಯ ಕರಿಯ ಹಕ್ಕಿಯೊಂದು ಕೂತಿತ್ತು, ಲಿನಕ್ಸಿನ ಗುರುತಾದ ಪೆಂಗ್ವಿನ್.

ಸರ್ ಬಂದು ನೋಡಿದರು. "ಏನೋ ಇದು? ಯಾರಿಗೆ ಕೇಳಿ ಹಾಕಿದಿ?"

"ಸರ, ಇದನ್ನ ಯಾರ ಬೇಕಾದ್ರೂ ಹಾಕ್ಕೋಬಹುದ್ರಿ," ಅಣ್ಣ ಹುರುಪಿನಲ್ಲಿ ಹೇಳಿದ. "ಕಾಪಿ ಮಾಡಿ ಹಂಚಬಹುದು. ಒಳಗ ಹೆಂಗ ಬರದಾರ ಅಂತ ಬಿಚ್ಚಿ ನೋಡಬಹುದು. ರೊಕ್ಕ ಕೊಡೂದಿಲ್ಲ ಏನಿಲ್ಲ."

"ಪುಗಸಟ್ಟೆ ಸಿಕ್ಕದ್ದಕ್ಕ ಕಿಮ್ಮತ್ ಎಲ್ಲೈತೋ? ಭಿಕ್ಷಾ ಬೇಡಿ ತಂದದ್ದನ್ನ ನನ್ನ ಸೆಂಟರಿನ್ಯಾಗ ಹಾಕ್ತಿ?"

ವಿದ್ಯಾರ್ಥಿಗಳು ನಕ್ಕರು. ಅಣ್ಣನ ಮುಖ ಕೆಂಪೇರಿತು. "ನಿಮ್ಮ ಮಷಿನ್ನಿನ್ಯಾಗ ಇರೂದು ಕದ್ದ ಮಾಲ್ ಐತ್ರಿ ಸರ. ಕಳುವಿಗಿಂತ ಭಿಕ್ಷಾ ಛಲೋ."

ಖರೆ ಮಾತು. ಆ ಕಾಲದಲ್ಲಿ ಯಾರ ಸೆಂಟರಿನಲ್ಲಿ ಕೊಂಡು ತಂದ ವಿಂಡೋಸ್ ಇತ್ತು? ಎಲ್ಲರೂ ಒಬ್ಬರ ಸಿ.ಡಿ.ಯನ್ನು ಇನ್ನೊಬ್ಬರು ಇಸಿದುಕೊಂಡು ಹಾಕುತ್ತಿದ್ದವರೇ. ಆದರೆ ಖರೆ ಮಾತನ್ನು ಹುಡುಗರ ಮುಂದೆ ಆಡಿದ್ದಕ್ಕೆ ಸರ್ ಬಾಗಿಲಿನತ್ತ ಬೆರಳು ತೋರಿಸಿ, "ಹೊರಗ ನಡಿ ಲೇ," ಎಂದರು.

ಅಣ್ಣ ಬಾಗಿಲಿಗೆ ಹೋಗಿ ಚಪ್ಪಲಿ ಮೆಟ್ಟಿಕೊಂಡು ನನ್ನತ್ತ ನೋಡಿದ. "ಬಾ," ಎಂದ.

ನಾನು ಏಳಲಿಲ್ಲ. ಯಾಕೆ ಏಳಬೇಕಿತ್ತು? ನಾನು ಕಷ್ಟಪಟ್ಟು ಕಲಿತದ್ದು ವಿಂಡೋಸ್, ಕಲಿಸಿ ಹೆಸರು ಪಡೆದದ್ದು ಅದರಲ್ಲೇ. ಅವನಿಗೆ ಒಂದು ಸಿ.ಡಿ. ಸಿಕ್ಕಿತೆಂದು ನಾನು ನನ್ನ ಕೆಲಸ ಬಿಡಬೇಕೆ? ಆವತ್ತು ಸಂಜೆ ನಾನು ನಡೆದುಕೊಂಡು ಮನೆಗೆ ಹೋದೆ.

ಎರಡು ತಿಂಗಳಲ್ಲಿ ಅಣ್ಣ ರಸ್ತೆಯ ಆಚೆ ಬದಿಯಲ್ಲಿ, ನಮ್ಮ ಸೆಂಟರಿನ ಸರಿಯಾಗಿ ಎದುರಿಗೆ, ಗೊಬ್ಬರದ ಅಂಗಡಿಯ ಮಾಳಿಗೆಯ ಮೇಲೆ ತನ್ನದೇ ಸೆಂಟರ್ ತೆಗೆದ. ಅವನ ಜೊತೆ ಪಾಲಿಗೆ ನಿಂತವನು ಮುಧೋಳದ ಒಬ್ಬ ಗೆಳೆಯ, ಅದೇ ಬಾಗಲಕೋಟೆಯ ಶಿಬಿರದಲ್ಲಿ ಪರಿಚಯವಾದವನು. ಬಾಗಿಲಿಗೆ ಮೂರು ಕೀಲಿಕೈ. ಒಂದು ಅಣ್ಣನ ಕಿಸೆಯಲ್ಲಿ, ಒಂದು ಮುಧೋಳದವನ ಹತ್ತಿರ, ಒಂದು ನಮ್ಮ ಮನೆಯ ಪಡಸಾಲೆಯ ಮೊಳೆಯ ಮೇಲೆ. ಬೋರ್ಡ್ ಬರೆದ ಪೇಂಟರಪ್ಪ ಜನ್ಮದಲ್ಲಿ ಪೆಂಗ್ವಿನ್ ಕಂಡವನಲ್ಲ. ಅವನು ಬರೆದ ಹಕ್ಕಿ ಥೇಟ್ ಬಾತುಕೋಳಿಯ ಹಾಗಿತ್ತು. ನಮ್ಮ ಹುಡುಗರಿಗೆ ಅಷ್ಟೇ ಸಾಕಾಯಿತು. ಅಂದಿನಿಂದ ಅವರು ಬಾತುಕೋಳಿ ಮಂದಿ. ನಮ್ಮನ್ನು ಅವರು ಕಿಟಕಿ ಮಂದಿ ಎಂದರು, ಸಿಟ್ಟು ಬಂದಾಗ ಕಳ್ಳಕಿಟಕಿ ಎಂದರು.

ಮೊದಲು ಅದು ಚೇಷ್ಟೆಯಾಗಿತ್ತು. ಆಮೇಲೆ ಚೇಷ್ಟೆ ಉಳಿಯಲಿಲ್ಲ. ಅಣ್ಣ ತನ್ನ ಬಾಗಿಲಿಗೆ ಕರಿಹಲಗೆ ತೂಗುಹಾಕಿ, "ಕದ್ದ ಮಾಲು ಇಲ್ಲಿ ಸಿಗುವುದಿಲ್ಲ, ಎದುರಿಗೆ ಕೇಳಿ" ಎಂದು ಬರೆದ. ಸರ್ ಮರುದಿನವೇ, "ನೌಕರಿಗೆ ಬರುವ ವಿದ್ಯೆಯನ್ನು ಮಾತ್ರ ಇಲ್ಲಿ ಕಲಿಸಲಾಗುವುದು" ಎಂದು ಬಣ್ಣದಲ್ಲಿ ಬರೆಸಿದರು. ಚಹಾದ ಅಂಗಡಿ ಎರಡಾಯಿತು. ಅವರು ಕುಡಿಯುವ ಕಡೆ ನಮ್ಮ ಹುಡುಗರು ಕಾಲಿಡುತ್ತಿರಲಿಲ್ಲ, ನಾವು ಕುಡಿಯುವ ಕಡೆ ಅವರು ಬರುತ್ತಿರಲಿಲ್ಲ. ಕಾಲೇಜಿನ ಬೆಂಚುಗಳ ಮೇಲೆ ಹುಡುಗಿಯರ ಹೆಸರು ಕೆತ್ತುತ್ತಿದ್ದವರು ಈಗ ಕಿಟಕಿ, ಹಕ್ಕಿ ಕೆತ್ತತೊಡಗಿದರು. ಸೈಕಲ್ಲುಗಳ ಗಾಳಿ ಹೋಗುತ್ತಿತ್ತು. ಒಮ್ಮೆ ಕ್ರಿಕೆಟ್ ಆಟದಲ್ಲಿ ಎರಡು ಪಾರ್ಟಿಗಳೂ ಎದುರುಬದುರಾಗಿ, ಆಟ ಮುಗಿಯುವುದರೊಳಗೆ ಸ್ಟಂಪುಗಳನ್ನು ಕಿತ್ತುಕೊಂಡು ಒಬ್ಬರ ಬೆನ್ನು ಒಬ್ಬರು ಬಾರಿಸಿದರು. ಹೊಡೆದ ಹುಡುಗರಲ್ಲಿ ಅರ್ಧದಷ್ಟು ಜನರ ಮನೆಯಲ್ಲಿ ಕಂಪ್ಯೂಟರೇ ಇರಲಿಲ್ಲ.

ಬಾತುಕೋಳಿ ಮಂದಿಯ ಸೊಕ್ಕು ನನಗೆ ಸಹಿಸಲಾಗುತ್ತಿರಲಿಲ್ಲ. ಯಾರಾದರೂ ಮಷಿನ್ ಕೆಟ್ಟಿದೆ ಎಂದರೆ ಅವರು ರಿಪೇರಿಯ ಮಾತಾಡುವ ಬದಲು ಸ್ವಾತಂತ್ರ್ಯದ ಮಾತಾಡುತ್ತಿದ್ದರು. ಕಪ್ಪು ಪರದೆಯ ಮೇಲೆ ಬಿಳಿ ಅಕ್ಷರಗಳನ್ನು ಓಡಿಸಿ, ನೋಡುವವರ ಕಣ್ಣು ಅಗಲವಾದರೆ ತಾವು ದೊಡ್ಡವರೆಂದುಕೊಳ್ಳುತ್ತಿದ್ದರು. ನಮ್ಮ ಸರ್ ಏನು ಕಡಿಮೆಯೇ? ಪಾಠ ಶುರುಮಾಡುವ ಮೊದಲು ಎದುರಿನವರ ಮೇಲೆ ಒಂದು ಹೊಲಸು ಹಾಸ್ಯ ಆಡದೆ ಅವರಿಗೆ ಸಮಾಧಾನವಿರುತ್ತಿರಲಿಲ್ಲ. ಚಿಕ್ಕಪಡಸಲಗಿಯಿಂದ ಬರುತ್ತಿದ್ದ ಒಬ್ಬ ಹುಡುಗಿ ಬೆಳಿಗ್ಗೆ ನಮ್ಮಲ್ಲಿ, ಮಧ್ಯಾಹ್ನ ಎದುರಿಗೆ ಕಲಿಯಲು ಹೋಗುತ್ತಾಳೆಂದು ಗೊತ್ತಾದಾಗ, ಅವಳನ್ನು ಎಲ್ಲರೆದುರು ನಿಲ್ಲಿಸಿ, "ಒಂದ ಮನ್ಯಾಗ ಉಣ್ಣೂದ ಕಲಿ," ಎಂದರು. ಅವಳು ಅಳುತ್ತ ರಸ್ತೆ ದಾಟಿದಳು. ಅಲ್ಲಿ ನನ್ನ ಅಣ್ಣ ಅವಳಿಗೆ, "ಮೊದಲ ಆ ಹೊಲಸ ಬಿಟ್ಟ ಬಾ, ಆಮ್ಯಾಲೆ ನೋಡೂಣು," ಎಂದನಂತೆ. ಅವಳು ಎರಡೂ ಕಡೆ ಬಿಟ್ಟು ಹೊಲಿಗೆ ಕ್ಲಾಸಿಗೆ ಸೇರಿದಳು.

ಮನೆಯಲ್ಲಿ ಅಣ್ಣ ನನ್ನ ಜೊತೆ ಊಟಕ್ಕೆ ಕೂಡುವುದನ್ನು ಬಿಟ್ಟ. ಒಂದು ದಿನ ಅಪ್ಪನಿಗೆ ತಡೆಯಲಾಗಲಿಲ್ಲ. ಅಪ್ಪ ಪ್ರಾಯದಲ್ಲಿ ಡೊಳ್ಳಿನ ಹಾಡಿಗೆ ಹೆಸರಾದವನು. ಆ ಹಾಡಿನಲ್ಲಿ ಗಂಡು ದೊಡ್ಡದೆನ್ನುವವರು ಹರದೇಶಿಯವರು, ಹೆಣ್ಣು ದೊಡ್ಡದೆನ್ನುವವರು ನಾಗೇಶಿಯವರು, ಎರಡು ಮೇಳ ಎದುರುಬದುರು ಕೂತು ಸವಾಲು ಹಾಕುತ್ತವೆ.

"ನಾ ಹರದೇಶಿ ಹಾಡಾಂವ," ಅಪ್ಪ ಹೇಳಿದ. "ಎದುರಿಗೆ ನಾಗೇಶಿ. ಬೆಳತನಕ ಒಬ್ಬರಿಗೊಬ್ಬರು ಬೈದ ಹಾಡೇವಿ. ಮುಂಜಾನೆ ಒಂದ ಗಂಗಾಳದಾಗ ಉಂಡೇವಿ. ನಿಮಗೇನ್ ಧಾಡಿ ಆಗೈತಿ?"

"ಅದು ಹಾಡಪ್ಪಾ," ಅಣ್ಣ ಅಂದ. "ಇದು ತತ್ವ."

"ಹರದೇಶಿ ನಾಗೇಶಿ ತತ್ವ ಅಲ್ಲೇನಲೇ?"

ಅಣ್ಣ ಗಂಗಾಳ ಎತ್ತಿಕೊಂಡು ಹಿತ್ತಿಲಿಗೆ ಹೋದ. ಅವ್ವ ಅವನ ಹಿಂದೆ ಶೇಂಗಾ ಹಿಂಡಿಯ ಡಬ್ಬಿ ಹಿಡಿದುಕೊಂಡು ಹೋದಳು.

ಅದೇ ವರ್ಷ ಕಾಲೇಜೊಂದರಲ್ಲಿ ಹೊಸ ಕಂಪ್ಯೂಟರ್ ಲ್ಯಾಬ್ ಮಾಡುವವರಿದ್ದರು. ಎರಡು ಸೆಂಟರಿನವರೂ ಅದಕ್ಕೆ ಬಾಯಿ ಹಾಕಿದರು. ಪ್ರಾಂಶುಪಾಲರು ಸುಮ್ಮನಿರದೆ, "ಇಬ್ಬರೂ ಬಂದು ಹುಡುಗರ ಮುಂದ ಮಾಡಿ ತೋರಿಸ್ರಿ, ಯಾವುದು ಛಲೋ ನೋಡೋಣು," ಎಂದರು. ಸರ್ ನನ್ನನ್ನು ಕರೆದು, "ನೀನ ನಿಂದರವಾ," ಎಂದರು. ತಂಗಿಯ ಕೈಯಲ್ಲೇ ಅಣ್ಣನನ್ನು ಸೋಲಿಸುವ ಆಸೆ ಅವರ ಮುಖದ ಮೇಲೆ ಕಾಣುತ್ತಿತ್ತು. ನಾನು ಒಲ್ಲೆ ಅನ್ನಲಿಲ್ಲ. ನನಗೂ ಅವನ ಸೊಕ್ಕು ಮುರಿಯಬೇಕಿತ್ತು.

ಸಭಾಂಗಣ ತುಂಬಿತ್ತು. ಎಡಕ್ಕೆ ನಮ್ಮವರು, ಬಲಕ್ಕೆ ಅವರ ಕಡೆಯವರು, ನಡುವೆ ಎರಡು ಟೇಬಲ್ಲು. ಅಣ್ಣ ನನ್ನ ಕಡೆ ನೋಡದೆ ತಂತಿ ಜೋಡಿಸುತ್ತಿದ್ದ. ಒಬ್ಬರು ಇನ್ನೊಬ್ಬರಿಗೆ ಒಂದು ಕೆಲಸ ಕೊಡಬೇಕು ಎಂದು ನಿಯಮವಾಯಿತು. ಮೊದಲ ಸರದಿ ನನ್ನದು.

"ಪ್ರಾಂಶುಪಾಲರಿಗೆ ಕನ್ನಡದಾಗ ಒಂದು ರಜಾ ಅರ್ಜಿ ಬರದು ಪ್ರಿಂಟ್ ತಗಸ್ರಿ," ಎಂದೆ. ಅಣ್ಣನಿಗೆ ರೀ ಹಚ್ಚಿ ಮಾತಾಡಿದ್ದು ಅದೇ ಮೊದಲು.

ಅವನ ಮುಖ ಬಾಡಿತು. ಆಗ ಅವನ ಮಷಿನ್ನಿನಲ್ಲಿ ಕನ್ನಡ ಸರಿಯಾಗಿ ಮೂಡುತ್ತಿರಲಿಲ್ಲ ಎಂದು ನನಗೆ ಗೊತ್ತಿತ್ತು. ವಿದ್ಯಾರ್ಥಿ ಎಂದು ಬರೆದರೆ ಒತ್ತು ಒಂದು ಕಡೆ, ಅಕ್ಷರ ಒಂದು ಕಡೆ ಬಿದ್ದವು. ಪ್ರಿಂಟರು ಅದನ್ನೂ ಕೊಡಲಿಲ್ಲ. ಅರ್ಥವಿಲ್ಲದ ಗುರುತುಗಳ ಹಾಳೆಗಳನ್ನು ಒಂದರ ಮೇಲೊಂದು ಉಗುಳಿತು. ಅಣ್ಣ ಬಟನ್ ಒತ್ತಿ ಒತ್ತಿ ಕೊನೆಗೆ ಪ್ರಿಂಟರಿನ ವಾಯರ್ ಕಿತ್ತ. ನಮ್ಮ ಹುಡುಗರು ಬೆಂಚಿನ ಮೇಲೆ ಹತ್ತಿ ಬಾತುಕೋಳಿಯ ಹಾಗೆ ಕೂಗಿದರು. ನಾನು ನನ್ನ ಮಷಿನ್ನಿನಲ್ಲಿ ಅದೇ ಅರ್ಜಿ ಬರೆದು, ಹಾಳೆ ತೆಗೆದು, ಎರಡೂ ಕೈಯಲ್ಲಿ ಹಿಡಿದು ಪ್ರಾಂಶುಪಾಲರಿಗೆ ಕೊಟ್ಟೆ. ಆ ಕ್ಷಣದ ಸಂತೋಷ ನನಗೆ ಇನ್ನೂ ನೆನಪಿದೆ.

ಆಮೇಲೆ ಅವನ ಸರದಿ. ಕಿಸೆಯಿಂದ ಪೆನ್ ಡ್ರೈವ್ ತೆಗೆದು ನನ್ನ ಟೇಬಲ್ಲಿನ ಮೇಲೆ ಇಟ್ಟ. "ಇದನ್ನ ಹಾಕಿ ಇದರಾಗಿನ ಫೋಟೋ ತೋರಸ್ರಿ. ಅಷ್ಟ ಸಾಕು."

ನನಗೆ ವಾಸನೆ ಬಡಿಯಿತು. ಸರ್ ಹಿಂದಿನಿಂದ, "ಹಾಕವಾ, ಹೆದರ್ತಿ ಯಾಕ?" ಎಂದರು. ಹಾಕಿದೆ. ಮಷಿನ್ ತಾನೇ ಆರಿತು, ಹತ್ತಿತು, ಮತ್ತೆ ಆರಿತು. ಹಾಗೇ ಆರುತ್ತ ಹತ್ತುತ್ತ ಉಳಿಯಿತು. ಅಣ್ಣ ಅದೇ ಪೆನ್ ಡ್ರೈವನ್ನು ತನ್ನ ಮಷಿನ್ನಿಗೆ ಹಾಕಿ ಫೋಟೋ ತೋರಿಸಿದ. ವೈರಸ್ ಎಂದು ಕೂಗಿ ಹೇಳಿದ. "ನೋಡ್ರಿ, ಇದರ ಮೈಯಾಗ ತಾಕತ್ ಇಲ್ಲ. ಸೀನಿದ್ರ ಸಾಯ್ತೈತಿ!"

ಈಗ ಕೂಗುವ ಸರದಿ ಬಲಗಡೆಯವರದು. ಬೆಂಚುಗಳು ಉರುಳಿದವು. ಪ್ರಾಂಶುಪಾಲರು ಇಬ್ಬರ ಟೇಬಲ್ಲನ್ನೂ ತೋರಿಸಿ, "ನಿಮ್ಮ ದನದ ಸಂತಿ ಹೊರಗ ಒಯ್ರಿ," ಎಂದರು. ಲ್ಯಾಬಿನ ಕೆಲಸ ವಿಜಾಪುರದ ಯಾರಿಗೋ ಹೋಯಿತು. ಕಾಲೇಜಿನ ಗೇಟಿನ ಹತ್ತಿರ ಕಲ್ಲು ತೂರಾಟವಾಗಿ ಒಬ್ಬ ಹುಡುಗನ ಹುಬ್ಬು ಸೀಳಿತು.

ಆವತ್ತು ಸಂಜೆ ಅಣ್ಣ ನನಗೆ ಹೇಳಿದ್ದು ಇಷ್ಟೇ. "ಮಂದಿ ಮುಂದ ನನ್ನ ಮಾರಿಗೆ ಮಸಿ ಬಳದಿ."

"ನೀ ವಿಷ ತಂದಿದ್ಯೆಲ್ಲ ಕಿಸೇದಾಗ?" ಎಂದೆ.

ಕಬ್ಬು ಕಡಿಯುವ ಕಾಲ ಬಂತು. ಆ ಹೊತ್ತಿಗೆ ಎದುರಿನ ಸೆಂಟರಿನಲ್ಲಿ ಅವರವರಲ್ಲೇ ಏನೋ ನಡೆದಿತ್ತು. ಮುಧೋಳದ ಗೆಳೆಯ ಬೇರೆ ಒಂದು ಬಗೆಯ ಲಿನಕ್ಸ್ ತಂದಿದ್ದನಂತೆ. ಅದನ್ನು ಹಾಕುವುದು ಸುಲಭ, ನೋಡಲಿಕ್ಕೂ ಚಂದ. ನನ್ನ ಅಣ್ಣನಿಗೆ ಅದು ಕಿಟಕಿಯವರ ವೇಷ ಹಾಕಿದ ಹಕ್ಕಿಯಾಗಿ ಕಂಡಿತು. ತಾನು ತಂದ ಮೊದಲ ಸಿ.ಡಿ.ಯೇ ನಿಜವಾದದ್ದು, ಉಳಿದವೆಲ್ಲ ಕೆಟ್ಟವು. ಇಬ್ಬರೂ ಕೂಗಾಡಿದ್ದು ನಮ್ಮ ಸೆಂಟರಿನವರೆಗೂ ಕೇಳಿತು. ಆಮೇಲೆ ಮುಧೋಳದವನು ಬರುವುದು ನಿಂತಿತು. ಕೇಳಿದವರಿಗೆಲ್ಲ ಅಣ್ಣ, "ಅವರ ಹೊಲದಾಗ ಕಬ್ಬ ಕಡ್ಯಾಕತ್ತಾರ, ಅದಕ್ಕ ಊರಿಗೆ ಹೋಗ್ಯಾನ," ಎನ್ನುತ್ತಿದ್ದ. ತಮ್ಮ ಮಂದಿಯಲ್ಲಿ ಒಡಕಿದೆ ಎಂದು ನಮಗೆ ತೋರಿಸಬಾರದಲ್ಲ.

ಒಂದು ಸೋಮವಾರ ಬೆಳಿಗ್ಗೆ ನಾನು ಪಾಠ ಮಾಡುತ್ತಿದ್ದೆ. ಅಣ್ಣ ಮೆಟ್ಟಿಲು ಹತ್ತಿ, ಚಪ್ಪಲಿ ಬಿಡದೆ ಒಳಗೆ ನುಗ್ಗಿದ. ಕೈಯಲ್ಲಿ ಒಂದು ಕೀಬೋರ್ಡ್. ಅದನ್ನು ನನ್ನ ಟೇಬಲ್ಲಿನ ಮೇಲೆ ಎಸೆದ. ಅದರ ಗುಂಡಿಗಳ ಸಂದಿಯಿಂದ ಇರುವೆಗಳು ಸಾಲುಗಟ್ಟಿ ಹೊರಗೆ ಬಂದವು.

"ಕಬ್ಬಿನ ಹಾಲು," ಎಂದ. "ಎಲ್ಲಾ ಮಷಿನ್ನಿಗೂ ಹೊಯ್ದಾರ. ಚಾಲೂ ಮಾಡಿದೆ, ಸುಟ್ಟ ಹೋದೂವು. ಬಾಗಲಾ ಮುರದಿಲ್ಲ. ಕೀಲಿ ತಗದ ಹೊಕ್ಕಾರ. ಚಾವಿ ಯಾರ ಕೈಯಾಗ ಕೊಟ್ಟಿ ಹೇಳು."

"ನಾ ಯಾರಿಗೂ ಕೊಟ್ಟಿಲ್ಲಣ್ಣಾ."

"ಮನ್ಯಾಗಿನ ಮೊಳಿ ಮ್ಯಾಲ ಇದ್ದ ಚಾವಿ ನಿನಗ ಬಿಟ್ಟ ಯಾರಿಗೆ ಗೊತ್ತು?"

"ನಿನ್ನ ಗೆಳ್ಯಾನ ಹತ್ರನೂ ಒಂದ ಐತೆಲ್ಲ? ಅವಂಗ ಕೇಳು."

"ಅಂವ ನಮ್ಮಾಂವ," ಎಂದ ಅಣ್ಣ. "ಮಾತಿಗೆ ಮಾತ ಬೆಳದಿರಬಹುದು. ಆದ್ರ ನಮ್ಮಾಂವ ಇಂಥಾ ಹಲ್ಕಟ್ ಕೆಲಸ ಮಾಡಂಗಿಲ್ಲ. ಇದು ಕಿಟಕಿ ಮಂದಿ ಕೆಲಸ. ಬಾಗಲಾ ತಗದ ಕೊಟ್ಟಾಕಿ ನೀನು."

ನನ್ನ ವಿದ್ಯಾರ್ಥಿಗಳು ಕೇಳುತ್ತಿದ್ದರು. ಸರ್ ತಮ್ಮ ಕೋಣೆಯ ಬಾಗಿಲಲ್ಲಿ ಕೈ ಕಟ್ಟಿ ನಿಂತಿದ್ದರು. ಅವರ ತುಟಿಯ ಮೂಲೆಯಲ್ಲಿ ನಗು ಇತ್ತು.

ಬೈಲಹೊಂಗಲದಲ್ಲಿದ್ದ ನಮ್ಮ ನೆಂಟರವರೆಗೆ ಸುದ್ದಿ ಮುಟ್ಟಿತು. ಸ್ವಂತ ಅಣ್ಣನ ಅಂಗಡಿಗೆ ಬೆಂಕಿ ಇಟ್ಟವಳು ಎಂದೇ ಅದು ಬೆಳೆಯಿತು. ಅಪ್ಪ ದಾರಿ ಕಾಣದೆ ನಮ್ಮಿಬ್ಬರನ್ನೂ ಗಲಗಲಿಗೆ ಕರೆದುಕೊಂಡು ಹೋದ. ಬೀರಪ್ಪನ ಗುಡಿಯಲ್ಲಿ ಪೂಜಾರಿ ಭಂಡಾರದ, ಅಂದರೆ ದೇವರ ಅರಿಸಿನದ, ತಟ್ಟೆ ಮುಂದಿಟ್ಟ.

"ಭಂಡಾರ ಮುಟ್ಟಿ ಆಣಿ ಮಾಡವಾ," ಎಂದ ಅಪ್ಪ. ಅವನ ಕಣ್ಣು ನನ್ನ ಕಣ್ಣಿಗೆ ಸಿಗಲಿಲ್ಲ.

ಅಪ್ಪ ಕೇಳಿದ್ದೇ ನನಗೆ ಸಾಯುವಷ್ಟಾಯಿತು. ಆದರೂ ಕೈ ಇಟ್ಟೆ. "ಚಾವಿ ನಾ ಮುಟ್ಟಿಲ್ಲ, ಯಾರಿಗೂ ಕೊಟ್ಟಿಲ್ಲ," ಎಂದೆ. ಕೈಯೆಲ್ಲ ಹಳದಿಯಾಯಿತು. ಅಪ್ಪ ಅದೇ ಭಂಡಾರ ತೆಗೆದು ನನ್ನ ಹಣೆಗೆ ಹಚ್ಚಿ, "ಆತು, ಮುಗೀತು," ಎಂದ. ಅವನಿಗೆ ಮುಗಿಯಿತು. ಅಣ್ಣ ಗುಡಿಯ ಹೊಸ್ತಿಲ ಹೊರಗೆ ನಿಂತಿದ್ದ.

"ಆಣಿ ಮಾಡೂದು ಸರಳ ಐತಿ," ಎಂದವನೇ ಬಸ್ಸಿನ ಕಡೆ ನಡೆದ. ಅಂದಿನಿಂದ ಅವನು ನನ್ನ ಜೊತೆ ಮಾತು ಬಿಟ್ಟ. ನಾನು ಮಾಡಿದ ಅಡಿಗೆ ಮುಟ್ಟುವುದನ್ನೂ ಬಿಟ್ಟ.

ಮಳೆಗಾಲ ಮುಗಿಯುವ ಹೊತ್ತಿಗೆ, ಒಂದು ಮಧ್ಯಾಹ್ನ, ಮುಧೋಳದ ಗೆಳೆಯ ನಮ್ಮ ಸೆಂಟರಿನ ಮೆಟ್ಟಿಲು ಹತ್ತಿ ಬಂದ. ಸರ್ ಹತ್ತಿರ ಕೆಲಸ ಕೇಳಲು ಬಂದಿದ್ದ. ಸರ್ ಕುರ್ಚಿ ಹಿಂದೆ ಒರಗಿಸಿ, "ನೀ ಬಾತುಕೋಳಿ ಅಲ್ಲೇನ? ನಿನ್ನ ಹೆಂಗ ನಂಬಲಿ?" ಎಂದರು.

ಅವನು ನನ್ನನ್ನು ನೋಡಿಯೂ ನೋಡದ ಹಾಗೆ ಹೇಳಿದ. "ಸರ, ಅವನ ಸೆಂಟರಿಗೆ ಕಬ್ಬಿನ ಹಾಲು ಹೊಯ್ದಾಂವ ನಾನ. ಎರಡ ಕ್ಯಾನ್ ತುಂಬ್ಕೊಂಡ ಬಂದಿದ್ದೆ. ಇದಕ್ಕಿಂತ ಏನ್ ಸಾಕ್ಷಿ ಬೇಕ್ರಿ?"

ಸರ್ ಹೊಟ್ಟೆ ಹಿಡಿದುಕೊಂಡು ನಕ್ಕರು. ನಗುತ್ತಲೇ, "ನಾಳಿಂದ ಬಾ," ಎಂದರು.

ನಾನು ಎದ್ದು ನಿಂತೆ. "ಸರ, ಚಾವಿ ನಾ ಕೊಟ್ಟೆ ಅಂತ ನನ್ನ ಮ್ಯಾಲೆ ಮಾತು ಬಂದಾಗ ನೀವು ನೋಡಕೋತ ನಿಂತಿದ್ರಿ," ಎಂದೆ. "ಈಗ ಇವ ನಿಮ್ಮ ಮುಂದ ಒಪ್ಪಿಕೊಂಡ. ಆ ಕಡಿಗೆ ಹೋಗಿ ಒಂದ ಮಾತ ಹೇಳ್ತೀರೇನ?"

"ಯಾಕ ಹೇಳಲಿ? ಅವರಾಗ ಅವರು ಬಡದಾಡಿದ್ರ ನಮಗೇನ್ ಲುಕ್ಸಾನ?" ಎಂದರು ಸರ್. "ನೀ ನಮ್ಮಾಕಿ. ನಮ್ಮ ಕಡೆ ಯೋಚನೆ ಮಾಡು."

ನಮ್ಮವನು, ನಮ್ಮಾಕಿ. ಆ ಶಬ್ದ ಕೇಳಿದರೆ ಇಂದಿಗೂ ನನ್ನ ಮೈ ಉರಿಯುತ್ತದೆ. ಬ್ಯಾಗು ತೆಗೆದುಕೊಂಡು ಚಪ್ಪಲಿ ಮೆಟ್ಟಿಕೊಂಡು ಇಳಿದೆ. ಆ ಸೆಂಟರಿಗೆ ಮತ್ತೆ ಹೋಗಲಿಲ್ಲ.

ಹಾಡಹಗಲು, ಎರಡೂ ಕಡೆಯ ಹುಡುಗರು ನೋಡುತ್ತಿರುವಾಗ, ರಸ್ತೆ ದಾಟಿ ಅಣ್ಣನ ಸೆಂಟರಿಗೆ ಹೋದೆ. ರಿಪೇರಿ ಮಾಡಿ ಎಬ್ಬಿಸಿದ ಒಂದು ಮಷಿನ್ನಿನ ಮುಂದೆ ಅವನು ಒಬ್ಬನೇ ಕೂತಿದ್ದ. ಕೇಳಿದ್ದನ್ನು ಕೇಳಿದ ಹಾಗೆ ಹೇಳಿದೆ. ಅವನು ಪರದೆಯಿಂದ ಕಣ್ಣು ತೆಗೆಯಲಿಲ್ಲ.

"ನಿಮ್ಮ ಸರ್ ಹೇಳಿ ಕಳಿಸ್ಯಾರೇನ?" ಎಂದ. "ನಮ್ಮ ಮಂದಿಯೊಳಗ ಬೆಂಕಿ ಹಚ್ಚಾಕ ಬಂದಿ?"

"ಅಂವ ಅವರ ಕಡೆ ಕೆಲಸಕ್ಕ ಸೇರ್ಯಾನಣ್ಣಾ. ನಾಳೆ ನಿನ್ನ ಕಣ್ಣೀಲೆ ನೀನ ನೋಡು."

"ಹೋಗು," ಎಂದ.

ಮರುದಿನ ಅವನು ಕಣ್ಣಾರೆ ನೋಡಿದ. ನೋಡಿಯೂ ನನ್ನ ಜೊತೆ ಮಾತಿಗೆ ಬರಲಿಲ್ಲ. ಒಂದು ವರ್ಷದೊಳಗೆ ಗೊಬ್ಬರದ ಅಂಗಡಿಯವರು ಆ ಮಾಳಿಗೆಯಲ್ಲಿ ಚೀಲ ಪೇರಿಸಿದರು.

ನಾನು ಬನಹಟ್ಟಿಗೆ ಹೋದೆ. ಅಲ್ಲಿ ಮಗ್ಗದವರಿಗೆ ಸೀರೆಯ ಅಂಚು, ಸೆರಗುಗಳನ್ನು ಕಂಪ್ಯೂಟರಿನಲ್ಲಿ ಬಿಡಿಸಿಕೊಡುವ ಒಂದು ಸಣ್ಣ ಆಫೀಸು. ಸುತ್ತಲೂ ಮಗ್ಗಗಳ ಖಟಖಟ. ಅಲ್ಲಿ ಯಾರೂ ನನ್ನನ್ನು ಯಾವ ಕಡೆಯವಳು ಎಂದು ಕೇಳಲಿಲ್ಲ. ನವಿಲಿನ ಕತ್ತು ನೆಟ್ಟಗೆ ಬಂದಿದೆಯೋ ಇಲ್ಲವೋ ಎಂದಷ್ಟೇ ಕೇಳಿದರು. ಅಲ್ಲೇ ಕೋಣೆ ಮಾಡಿದೆ. ಹಬ್ಬಕ್ಕೆ ಮಾತ್ರ ಜಮಖಂಡಿಗೆ ಹೋಗುತ್ತಿದ್ದೆ. ಹೋದಾಗ ಅಣ್ಣ ಮನೆಯಲ್ಲಿ ಇರುತ್ತಿರಲಿಲ್ಲ.

ಕೆಲವು ವರ್ಷಗಳ ಮೇಲೆ ಅಣ್ಣ ತಾನಾಗಿ ಬನಹಟ್ಟಿಗೆ ಬಂದ. ಕೈಯಲ್ಲಿ ಅವನ ಮದುವೆಯ ಕಾರ್ಡ್ ಇತ್ತು. ನನ್ನ ಟೇಬಲ್ಲಿನ ಎದುರು ಕೂತ. ಕೂದಲು ಸ್ವಲ್ಪ ಉದುರಿತ್ತು. ಬಹಳ ಹೊತ್ತು ಕಾರ್ಡಿನ ಅಂಚು ತಿಕ್ಕುತ್ತ ಕೂತು, ಕೊನೆಗೆ, "ಅಂವ ಹೇಳಿದ," ಎಂದ. "ತಾನ ಮಾಡಿದ್ದು ಅಂತ."

"ನಾನೂ ಹೇಳಿದ್ನೆಲ್ಲ?"

"ಹೇಳಿದ್ದಿ. ಖರೆ. ಆದ್ರ ನೀ ಆವಾಗ ಆ ಕಡೆ ಇದ್ದಿ."

ಅಷ್ಟೇ. ತಪ್ಪಾಯಿತು ಎಂಬ ಮಾತು ಬರುತ್ತದೆಂದು ನಾನು ಕಾದೆ. ಅವನು ಕತ್ತು ಎತ್ತಿ ನನ್ನ ಮಾನಿಟರಿನ ಕಡೆ ನೋಡಿದ. ಸೆರಗಿನ ನಕ್ಷೆ ಅರ್ಧ ಬಿಡಿಸಿಟ್ಟಿದ್ದೆ. ಅವನ ಕಣ್ಣು ನಕ್ಷೆಯನ್ನು ದಾಟಿ ಪರದೆಯ ಕೆಳಗಿನ ಮೂಲೆಯ ಕಿಟಕಿ ಗುರುತಿಗೆ ಹೋಯಿತು.

"ಇನ್ನೂ ಇದರ ಮ್ಯಾಲ ಮಾಡ್ತೀ?" ಎಂದ. "ಈಗ ಹಕ್ಕಿಯೊಳಗನೂ ಇಂಥಾವು ಬಂದಾವು."

ನಾನು ಕಾರ್ಡ್ ತೆಗೆದುಕೊಂಡು, "ಹೋಗಿ ಬಾ ಅಣ್ಣಾ, ನನಗ ಕೆಲಸ ಐತಿ," ಎಂದೆ. ಚಹಾ ಸಹ ಕೇಳಲಿಲ್ಲ.

ಮದುವೆಗೆ ಹೋದೆ. ಅವ್ವನ ಮುಖ ನೋಡಿ ಹೋದೆ. ಕಲ್ಯಾಣ ಮಂಟಪದಲ್ಲಿ ಅಕ್ಕಿಕಾಳು ಬಿದ್ದ ಮೇಲೆ ಫೋಟೋ ತೆಗೆಯುವಾಗ ನೋಡಿದರೆ, ವೇದಿಕೆಯ ಮೇಲೆ ಸರ್ ನಿಂತಿದ್ದರು. ಅಣ್ಣ ಬಗ್ಗಿ ಅವರ ಕಾಲು ಮುಟ್ಟಿದ. ಸರ್ ಅವನನ್ನು ಎತ್ತಿ ತಬ್ಬಿಕೊಂಡರು. ಇನ್ನೊಂದು ಬದಿಗೆ ಮುಧೋಳದವನು, ಅಣ್ಣನ ಹೆಗಲ ಮೇಲೆ ಕೈ ಹಾಕಿಕೊಂಡು. ಮೂವರೂ ಹಲ್ಲು ಬಿಟ್ಟು ಫೋಟೋಕ್ಕೆ ನಿಂತರು. ಈ ರಾಜಿ ಯಾವಾಗ ಆಯಿತು, ಯಾರು ಮಾಡಿಸಿದರು, ನನಗೆ ಯಾರೂ ಹೇಳಿರಲಿಲ್ಲ.

ಊಟದ ಪಂಕ್ತಿಯಲ್ಲಿ ಮುಧೋಳದವನೇ ಬುಂದಿ ಬಡಿಸುತ್ತ ಬಂದ. ಸರ್ ನನ್ನ ಎದುರಿನ ಸಾಲಿನಲ್ಲಿ ಕೂತಿದ್ದರು. ಅವನನ್ನು ನೋಡಿ ಜೋರಾಗಿ, "ಬುಂದಿ ಸಾಕೋ, ಕಬ್ಬಿನ ಹಾಲು ತಂದಿಯೇನ?" ಎಂದರು. ಹಳೆಯ ವಿದ್ಯಾರ್ಥಿಗಳೆಲ್ಲ ಹೋ ಎಂದು ನಕ್ಕರು. ಕಿಟಕಿಯವರು, ಬಾತುಕೋಳಿಯವರು ಎಲ್ಲ ಕಲೆತು ಕೂತಿದ್ದರು. ಮದುಮಗನ ಬಟ್ಟೆಯಲ್ಲಿದ್ದ ನನ್ನ ಅಣ್ಣನೂ ನಕ್ಕ. ಅವರಿಗೆ ಅದು ಹುಡುಗಾಟದ ಕಾಲವಾಗಿಬಿಟ್ಟಿತ್ತು. ಮಷಿನ್ ಸುಟ್ಟವನು ಬಡಿಸುತ್ತಿದ್ದ, ಸುಡಿಸಿಕೊಂಡವನು ನಗುತ್ತಿದ್ದ, ನೋಡಿ ಸುಮ್ಮನಿದ್ದವರು ಹೋಳಿಗೆ ಮುರಿಯುತ್ತಿದ್ದರು.

"ಏನ್ ಮೇಡಮ್ಮೋರ, ನೀವ್ಯಾಕ ನಗವಲ್ಲಿರಿ?" ಎಂದರು ಸರ್.

"ಭಂಡಾರ ಮುಟ್ಟಿದಾಕಿ ನಾ ಒಬ್ಬಾಕಿನ ಸರ," ಎಂದೆ. "ನಿಮ್ಮೊಳಗ ಯಾರಿಗೂ ಯಾರೂ ಆಣಿ ಮಾಡ ಅನ್ನಲಿಲ್ಲ. ಅದಕ್ಕ ನಿಮಗ ನಗಿ ಬರಾಕತ್ತೈತಿ."

ಪಂಕ್ತಿಯವರು ಎಲೆಯ ಕಡೆ ಬಗ್ಗಿದರು. ಅವ್ವ ಹಿಂದಿನಿಂದ ಬಂದು ನನ್ನ ಭುಜ ಹಿಡಿದು, "ಇವತ್ತ ಬ್ಯಾಡವಾ," ಎಂದಳು. ಯಾರೋ ಸಾರು ಸಾರು ಎಂದು ಕೂಗಿಕೊಂಡು ಬಂದರು. ಮಾತು ಮತ್ತೆ ಮೊದಲಾಯಿತು. ನಾನು ಎಲೆ ಮಡಿಸಿ, ಕೈ ತೊಳೆದುಕೊಂಡು, ಬನಹಟ್ಟಿಯ ಬಸ್ ಹಿಡಿದೆ.

ಈಗ ಅಣ್ಣ ಮತ್ತು ನಾನು ಅಪ್ಪ ಅವ್ವರ ಔಷಧ, ಮುಳುಗಿದ ಹೊಲದ ಪರಿಹಾರದ ಕಾಗದ ಇಂಥ ವಿಷಯಗಳಿಗಷ್ಟೇ ಫೋನಿನಲ್ಲಿ ಮಾತಾಡುತ್ತೇವೆ. ಅವನಿಗೆ ಬೀಳಗಿಯ ಒಂದು ಆಫೀಸಿನಲ್ಲಿ ನೌಕರಿ ಸಿಕ್ಕಿದೆ. ಅಲ್ಲಿ ಬೆಳಿಗ್ಗೆಯಿಂದ ಸಂಜೆಯವರೆಗೆ ವಿಂಡೋಸ್ ಮುಂದೆಯೇ ಕೂರುತ್ತಾನಂತೆ, ಬೇರೆಯದನ್ನು ಹಾಕಲು ಮೇಲಿನವರು ಬಿಡುವುದಿಲ್ಲವಂತೆ. ಅವ್ವ ಇದನ್ನು ಮರುಕದಿಂದ ಹೇಳಿದಳು. ನನಗೆ ಮರುಕ ಬರಲಿಲ್ಲ.